ಮಾವನವರು ಮುಚ್ಚಿಟ್ಟ ಪಾದ

ವೈಶಾಖದ ಬಿಸಿಲಿಗೆ ಅಂಗಳದ ಪರಸಿಕಲ್ಲು ರೊಟ್ಟಿಯ ಹೆಂಚಿನ ಹಾಗೆ ಕಾಯ್ದಿರುತ್ತಿದ್ದ ದಿನಗಳಲ್ಲೂ ನಮ್ಮ ಮಾವನವರ ಪಾದಗಳು ಬೂದುಬಣ್ಣದ ನೂಲಿನ ಕಾಲುಚೀಲಗಳ ಒಳಗೇ ಇರುತ್ತಿದ್ದವು. ಮೇಲಿನ ಬಿಗಿಯನ್ನು ನಮ್ಮತ್ತೆ ಕತ್ತರಿಸಿ ಸಡಿಲ ಮಾಡಿದ್ದರಿಂದ ಅವು ಕೆಳಕ್ಕೆ ಜಾರಿ, ಕಣಕಾಲಿನ ಸುತ್ತ ಸುಕ್ಕುಗಟ್ಟಿ ನಿಲ್ಲುತ್ತಿದ್ದವು. ಉಟ್ಟದ್ದು ಧೋತರ, ತಲೆಗೆ ರುಮಾಲು, ಕಾಲಿಗೆ ಮಾತ್ರ ಸಾಹೇಬರ ಕಾಲುಚೀಲ. ಊಟಕ್ಕೆ ಕೂತಾಗಲೂ ಅವು ಕಾಲಲ್ಲೇ. “ವೈದ್ಯರು ಪುಣೆಯಾಗ ಕಲತ ಬಂದಾರ, ಅಲ್ಲೀ ರೂಢಿ ಬಿಟ್ಟಿಲ್ಲ” ಎಂದು ಓಣಿಯವರು ನಗುತ್ತಿದ್ದರು. ಮಾವನವರೂ ಅವರ ಜೊತೆ ನಗುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಐವತ್ತರ ದಶಕದಲ್ಲಿ, ಕನ್ನಡ ನಾಡು ಒಂದಾಗಿ ಇನ್ನೂ ಹೊಸತು. ನನ್ನ ತವರು ಇಂಡಿ, ಗಂಡನ ಮನೆ ಬಸವನ ಬಾಗೇವಾಡಿ. ಮನೆ ತುಂಬಿಸಿಕೊಂಡ ದಿನ ಅತ್ತೆಯ ಕಾಲಿಗೆ ಬಿದ್ದು, ಮಾವನವರ ಕಾಲಿಗೆ ಬೀಳಲು ಬಗ್ಗಿದೆ. ನನ್ನ ಕೈ ತಾಗುವ ಮೊದಲೇ ಅವರು ಎರಡೂ ಪಾದಗಳನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. “ಸಾಕ್ ಯವ್ವಾ, ದೇವರಿಗೆ ಮಾಡು, ನನಗ್ಯಾಕ?” ಎಂದರು. ಬಂದ ಬೀಗರೆಲ್ಲ ಎಂಥ ನಿಗರ್ವಿ ಮನುಷ್ಯ ಎಂದು ಮೆಚ್ಚಿ ತಲೆದೂಗಿದರು. ನನಗೂ ಹಾಗೇ ಅನಿಸಿತು. ರೋಗಿಗಳು ಕಾಲು ಮುಟ್ಟಲು ಬಂದರೂ ಅವರು ಹಾಗೆಯೇ ಹಿಂದೆ ಸರಿಯುತ್ತಿದ್ದರು. ಆ ವಿನಯದ ಹೆಸರು ಸಿಂದಗಿ, ಮುದ್ದೇಬಿಹಾಳದವರೆಗೂ ಹೋಗಿತ್ತು.

ಕಾಲಿನ ಬೇನೆಗೆ ಅವರ ಹತ್ತಿರ ಜನ ದೂರದಿಂದ ಬರುತ್ತಿದ್ದರು. ಅಂಗಾಲಿನಲ್ಲಿ ಉರಿ, ಸೂಜಿ ಚುಚ್ಚಿದ ಹಾಗಾಗುವುದು, ಇರುವೆ ಹರಿದ ಹಾಗಾಗುವುದು, ಜೋಮು, ಇಂಥವನ್ನು ವರ್ಷಗಟ್ಟಲೆ ಹೊತ್ತು ತಿರುಗಿದವರು. ಪಡಸಾಲೆಯಲ್ಲಿ ಕೂಡಿಸಿಕೊಂಡು, ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿ, ರೋಗಿಯ ಪಾದವನ್ನು ಎತ್ತಿ ಅದರ ಮೇಲೆ ಇಟ್ಟುಕೊಳ್ಳುತ್ತಿದ್ದರು. ಯಾವ ಜಾತಿಯವರ ಪಾದವಾದರೂ ಅಷ್ಟೇ. ಕಣ್ಣು ಮುಚ್ಚಲು ಹೇಳಿ, ಹತ್ತಿಯ ಬತ್ತಿಯಿಂದ ಒಮ್ಮೆ, ಬೇವಿನ ಕಡ್ಡಿಯ ತುದಿಯಿಂದ ಒಮ್ಮೆ ಮುಟ್ಟಿ, “ಎಲ್ಲಿ ಮುಟ್ಟೇನಿ ಹೇಳು” ಎನ್ನುತ್ತಿದ್ದರು. ಕೆಲವರು ತಪ್ಪು ಬೆರಳು ಹೇಳುತ್ತಿದ್ದರು. ಕೆಲವರು “ಇನ್ನೂ ಮುಟ್ಟಿಲ್ಲಲ್ರಿ” ಎನ್ನುತ್ತಿದ್ದರು. ಆಮೇಲೆ ಕೇಳುತ್ತಿದ್ದದ್ದು, “ಒಂದಕ್ಕ ಹೋದ ಜಾಗಾದಾಗ ಇರವಿ ಮುತ್ತತಾವೇನು?” ಎಂದು. ಹೌದು ಎಂದರೆ ಸಕ್ಕರೆ ಬೇನೆ ಎಂದು ತಿಳಿದು ಮೊದಲು ಬಾಯಿ ಕಟ್ಟಿಸುತ್ತಿದ್ದರು. ಬೆಲ್ಲ ಬಂದ್, ಹುಳಿ ಬಂದ್. ಹಾಗಲಕಾಯಿ, ಮೆಂತೆ, ನೇರಳೆ ಬೀಜದ ಪುಡಿ, ಅಮೃತಬಳ್ಳಿಯ ಕಷಾಯ. ಉರಿಗೆ ಹಚ್ಚಲು ತೊಳೆದ ತುಪ್ಪ.

ತುಪ್ಪ ತೊಳೆಯುವ ಕೆಲಸ ಬಂದ ತಿಂಗಳಲ್ಲೇ ನನ್ನ ಪಾಲಿಗೆ ಬಂತು. ತಾಮ್ರದ ಪರಾತದಲ್ಲಿ ಆಕಳ ತುಪ್ಪ ಹಾಕಿ, ತಣ್ಣೀರು ಹೊಯ್ದು ಅಂಗೈಯಿಂದ ತಿಕ್ಕುವುದು, ನೀರು ಚೆಲ್ಲುವುದು, ಮತ್ತೆ ಹೊಯ್ದು ತಿಕ್ಕುವುದು. ರಟ್ಟೆ ಬಿದ್ದುಹೋಗುವ ಹೊತ್ತಿಗೆ ಅದು ಬೆಣ್ಣೆಯ ಹಾಗೆ ಬೆಳ್ಳಗೆ, ಮುಟ್ಟಿದರೆ ತಂಪು. ನಾನು ನಡುವೆ ಸಾಕು ಮಾಡಿದರೆ ಮಾವನವರಿಗೆ ವಾಸನೆಯಿಂದಲೇ ತಿಳಿಯುತ್ತಿತ್ತು. “ಇನ್ನೊಂದೀಟು ತಿಕ್ಕ ಯವ್ವಾ. ಉರಿ ಅನ್ನೂದು ಉರದವಗ ಗೊತ್ತು” ಎನ್ನುತ್ತಿದ್ದರು.

ಅವರು ಸುಳ್ಳು ಭರವಸೆ ಕೊಡುವವರಲ್ಲ. “ಉರಿ ತಣ್ಣಗ ಮಾಡ್ತೇನಿ. ನಿದ್ದಿ ಬರೂ ಹಂಗ ಮಾಡ್ತೇನಿ. ಹೋದ ಸ್ಪರ್ಶ ತಿರುಗಿ ತರೂದು ನನ್ನ ಕಡಿಂದ ಆಗೂದಿಲ್ಲ” ಎಂದು ಮುಖಕ್ಕೇ ಹೇಳುತ್ತಿದ್ದರು. ಅವರ ಬಾಯಲ್ಲಿ ಸದಾ ಇರುತ್ತಿದ್ದ ಇನ್ನೊಂದು ಮಾತು: “ಉರಿಯೂ ಕಾಲು ಇನ್ನೂ ನಿಂದ ಐತಿ. ಸುಮ್ಮನಾದ ಕಾಲಿಗೆ ಅಂಜು.”

ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವಳು ನೋಡಬಾರದ್ದನ್ನು ನೋಡಿಬಿಟ್ಟೆ. ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಮಾವನವರು ಗೋಡೆಗೆ ಒರಗಿ ಕೂತಿದ್ದರು. ಅತ್ತೆ ಅವರ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಹುಣ್ಣಿಗೆ ಔಷಧ ಹಚ್ಚುತ್ತಿದ್ದರು. ಕಾಲುಚೀಲ ಪಕ್ಕದಲ್ಲಿ ಬಿದ್ದಿತ್ತು. ಕಿರುಬೆರಳು ಇರಲಿಲ್ಲ. ಅದರ ಪಕ್ಕದ ಬೆರಳು ಮುರುಟಿ ಒಳಕ್ಕೆ ಮಡಚಿತ್ತು. ಅಂಗಾಲಿನ ಅರ್ಧ ಭಾಗ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಮಾವನವರು ನನ್ನನ್ನು ಕಂಡರು. ಕೈಯಲ್ಲಿದ್ದ ಪಂಜೆಯನ್ನು ಪಾದದ ಮೇಲೆ ಎಳೆದುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಸ್ನಾನದ ಮನೆಯಲ್ಲಿ ಯಾರೋ ಬಾಗಿಲು ತೆರೆದರೆ ಹೆಂಗಸರು ಹೇಗೆ ಮುದುಡುತ್ತಾರೋ ಹಾಗೆ ಮುದುಡಿದರು. ನಾನು ಹೊರಗೆ ಓಡಿದೆ.

ಸಂಜೆ ಅತ್ತೆ ನನ್ನನ್ನು ಕೂಡಿಸಿಕೊಂಡು ಹೇಳಿದರು. ಮಾವನವರಿಗೂ ಸಕ್ಕರೆ ಬೇನೆ. ಮೊದಲು ಉರಿ ಇತ್ತು, ಆಮೇಲೆ ಕಾಲು ಸುಮ್ಮನಾಯಿತು. ವೈದ್ಯರಿಗೇ ಅದರ ಮರ್ಮ ಇನ್ನೂ ಪೂರಾ ತಿಳಿದಿರದ ಕಾಲದಲ್ಲಿ, ಒಂದು ಚಳಿಗಾಲ, ವಾತ ಹೋಗಲೆಂದು ಕಾದ ಮರಳಿನ ಗಂಟನ್ನು ಕಾಲ ಕೆಳಗೆ ಇಟ್ಟುಕೊಂಡು ಕೂತಿದ್ದರಂತೆ. ವಾಸನೆ ಬಂದಾಗ ಅತ್ತೆಯೇ ಒಲೆಯ ಮೇಲೆ ಏನೋ ಹೊತ್ತಿತೆಂದು ಎದ್ದು ನೋಡಿದರಂತೆ. ಹೊತ್ತಿದ್ದು ಗಂಡನ ಪಾದ.

“ಮಂದೀ ಕಾಲು ನೋಡೂ ವೈದ್ಯನ ಕಾಲು ಹಿಂಗ ಅಂದ್ರ ಯಾರ ಬರ್ತಾರ?” ಎಂದರು ಅತ್ತೆ. “ಅದೂ ಹೋಗ್ಲಿ. ಬೆರಳು ಉದುರಿದ್ದು ಕಂಡ್ರ ಮಹಾರೋಗ ಅಂತಾರ. ಮಗಳ ಲಗ್ನ ಆಗಬೇಕಲ್ಲ ತಂಗಿ. ನೋಡಿದಿ, ನಿನ್ನ ಹೊಟ್ಟ್ಯಾಗ ಇರ್ಲಿ.”

ನನ್ನ ನಾದಿನಿಗೆ ಆಗ ವರ ನೋಡುತ್ತಿದ್ದರು. ಕುಷ್ಠದ ಶಂಕೆ ಒಂದು ಮನೆಯನ್ನು ಏನು ಮಾಡಬಲ್ಲದೆಂದು ಆ ಕಾಲದವರಿಗೆಲ್ಲ ಗೊತ್ತು. ಬಾವಿಯಲ್ಲಿ ನೀರು ಸೇದಲು ಬಿಡುವುದಿಲ್ಲ, ಪಂಕ್ತಿಯಲ್ಲಿ ಕೂಡಿಸುವುದಿಲ್ಲ, ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಹೀಗೆ ಆ ಪಾದ ಮನೆಯವರೆಲ್ಲರ ಪಾದವಾಯಿತು. ಎಲ್ಲರೂ ಸೇರಿ ಅದನ್ನು ಮುಚ್ಚಿದೆವು.

ವರ ನನ್ನ ತವರಿನ ಕಡೆಯಿಂದಲೇ ಬಂದ. ಇಂಡಿಯ ನನ್ನ ಸೋದರಮಾವನ ಮಗ, ನಿಂಬೆ ತೋಟದವರು, ಒಳ್ಳೆಯ ಮನೆತನ. ಕನ್ಯೆ ನೋಡಲು ಸೋದರಮಾವ ಬಂದ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅವನು ಬಸಿಗೆ ಚಹಾ ಸುರುವಿಕೊಂಡು ಊದುತ್ತಾ ಕೂತಿದ್ದ. ಅದೇ ಹೊತ್ತಿಗೆ ಮುಳವಾಡದಿಂದ ಒಬ್ಬ ರೈತ, ಹೆಂಡತಿಯನ್ನು ಕರೆದುಕೊಂಡು ಬಂದ. ಎತ್ತರದ ಆಳು, ನಗುಮುಖ. ಅವನ ಅಂಗಾಲಲ್ಲಿ ಜಾಲಿಮುಳ್ಳು ಮುರಿದುಕೊಂಡಿತ್ತು. ಮಾವನವರು ತೋರಿಸುವವರೆಗೆ ಅವನಿಗೇ ಗೊತ್ತಿರಲಿಲ್ಲ.

ಮಾವನವರು ಮುಳ್ಳು ತೆಗೆದು, ಔಷಧ ಕಟ್ಟಿಕೊಟ್ಟು ಹೇಳಿದರು: “ಇದನ್ನ ಹಚ್ಚಿಕೋ, ಕಷಾಯ ತಗೋ. ಆದ್ರ ಈ ಕಾಲಿಗೆ ಶಾಖಾ ಮಾತ್ರ ಕೊಡಬ್ಯಾಡ. ಇಟ್ಟಂಗಿ ಕಾಸಿ ಇಡೂದು, ಒಲಿ ಮುಂದ ಕಾಲು ಚಾಚೂದು, ಯಾವದೂ ಬ್ಯಾಡ.”

ರೈತ ನಕ್ಕ. “ಅದೇನ್ರಿ ಹಂಗಂತೀರಿ? ವಾತಕ್ಕ ಶಾಖಾನ ಮದ್ದಲ್ಲೇನ್ರಿ? ನಮ್ಮವ್ವ ಶಾಖಾ ಕೊಟ್ಟೇ ನಮ್ಮನ್ನ ಬೆಳಿಸ್ಯಾಳ.”

“ಈ ಕಾಲಿಗೆ ಬ್ಯಾಡ. ಸುಟ್ಟರೂ ನಿನಗ ತಿಳಿಯೂದಿಲ್ಲ.”

“ಸುಟ್ಟದ್ದು ತಿಳೀದೇ ಇರತೈತೇನ್ರಿ ಯಪ್ಪಾ?” ಅವನಿಗೆ ನಗು ತಡೆಯಲಾಗಲಿಲ್ಲ. “ಯಾರಿಗರೆ ಹಂಗ ಆಗೇತೇನ್ರಿ?”

ನಾನು ಔಷಧದ ಪುಡಿ ಕೊಡಲು ಬಾಗಿಲಲ್ಲಿ ನಿಂತಿದ್ದೆ. ಮಾವನವರ ಬಲಗೈ ಕೆಳಗೆ ಇಳಿಯಿತು. ಎರಡು ಬೆರಳು ಕಾಲುಚೀಲದ ಅಂಚಿನೊಳಗೆ ಹೋದವು. ಅಷ್ಟರಲ್ಲಿ ನನ್ನ ಸೋದರಮಾವ ಚಹಾ ಮುಗಿಸಿ ಬಸಿಯನ್ನು ಠಕ್ಕೆಂದು ಕೆಳಗಿಟ್ಟ. ಮಾವನವರು ಅವನ ಕಡೆ ನೋಡಿದರು. ಬೆರಳುಗಳು ಹೊರಗೆ ಬಂದವು. ಕಾಲುಚೀಲವನ್ನು ಸರಿಮಾಡಿಕೊಂಡವರ ಹಾಗೆ ಮೇಲಕ್ಕೆ ಎಳೆದುಕೊಂಡು, “ಶಾಸ್ತ್ರದಾಗ ಹೇಳ್ಯಾರಪಾ. ಕೇಳು” ಎಂದರು.

ರೈತ ಕೈಮುಗಿದು ಹೋದ. ಸೋದರಮಾವ ಕನ್ಯೆ ಒಪ್ಪಿದ.

ಎಳ್ಳಮಾವಾಸ್ಯೆ ಕಳೆದು ಚಳಿ ಬಲವಾಗಿದ್ದಾಗ, ಒಂದು ಬೆಳಿಗ್ಗೆ ಬಂಡಿಯೊಂದು ನಮ್ಮ ಬಾಗಿಲಲ್ಲಿ ನಿಂತಿತು. ಮೇವಿನ ಮೇಲೆ ಆ ಮುಳವಾಡದ ರೈತ ಮಲಗಿದ್ದ. ಹೆಂಡತಿ ಅವನ ಕಾಲಿಗೆ ಸುತ್ತಿದ್ದ ಸೀರೆಯ ತುಂಡನ್ನು ಬಿಚ್ಚಿದಳು. ಪಾದದ ಮುಂಭಾಗ ಕಪ್ಪಾಗಿತ್ತು. ಬೀದಿಯವರು ಮೂಗು ಮುಚ್ಚಿಕೊಂಡರು. ಕಾಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬುಡದಲ್ಲಿ ಇಟ್ಟುಕೊಂಡು ಮಲಗಿದ್ದನಂತೆ. ಸುಟ್ಟದ್ದು ಬೆಳಿಗ್ಗೆ ಕಂಡಿತು. ನೋವಿಲ್ಲವೆಂದು ಅರಿಶಿಣ ಹಚ್ಚಿ ಹೊಲಕ್ಕೂ ಹೋಗಿದ್ದನಂತೆ.

ಮಾವನವರು ಮುಟ್ಟಿ ನೋಡಿದರು. “ಇದು ನನ್ನ ಕೈಯಾಗಿಲ್ಲ. ಈಗಿಂದೀಗ ವಿಜಾಪುರಕ್ಕ ನಡೀರಿ” ಎಂದು, ತಾವೇ ಮೋಟಾರು ಗೊತ್ತು ಮಾಡಿ, ನನ್ನ ಗಂಡನನ್ನು ಜೊತೆಗೆ ಕಳಿಸಿದರು. ಜೀವ ಉಳಿಯಿತು. ಪಾದದ ಮುಂದಿನ ಅರ್ಧ ತೆಗೆಯಬೇಕಾಯಿತು.

ಸುದ್ದಿ ಬಂದ ಮೇಲೆ ಮಾವನವರು ಪಡಸಾಲೆಯಲ್ಲಿ ಕೂತರೂ ರೋಗಿಗಳ ಮಾತು ಅವರ ಕಿವಿಗೆ ಬೀಳುತ್ತಿರಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿಸುತ್ತಿದ್ದರು. ಅತ್ತೆ, “ನೀವು ಬ್ಯಾಡಂತ ಹೇಳಿದ್ರಿ, ಅಂವ ಕೇಳಲಿಲ್ಲ. ನಿಮ್ಮದೇನ್ ತಪ್ಪು?” ಎಂದು ಎಷ್ಟೋ ಸಲ ಸಮಾಧಾನ ಮಾಡಿದರು. ಆ ರೈತ ಊರಿಗೆ ಮರಳಿದನೆಂದು ತಿಳಿದ ದಿನ, “ಮುಳವಾಡಕ್ಕ ಹೋಗಬೇಕು” ಎಂದು ಎದ್ದರು. ಅತ್ತೆಗೆ ಮೊಣಕಾಲು ನೋವು, ಗಂಡನಿಗೆ ಶಾಲೆಯಲ್ಲಿ ಮಾಸ್ತರಿಕೆ. ಜೊತೆಗೆ ನಾನು ಹೋದೆ.

ರೈತ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ವೈದ್ಯರು ಬಂದರೆಂದು ಅವನು ಏಳಲು ಹೋದ, ಏಳಲಾಗಲಿಲ್ಲ. ಮಾವನವರು ಹೊರಸಿನ ಮೇಲೆ ಕೂಡಲಿಲ್ಲ. ಅವನೆದುರಿಗೆ ನೆಲದ ಮೇಲೆ ಕೂತು, ಬಲಗಾಲಿನ ಕಾಲುಚೀಲ ತೆಗೆದು, ಪಾದವನ್ನು ಬಿಸಿಲಿಗೆ ಚಾಚಿದರು.

ಅವನು ಬಗ್ಗಿ ನೋಡಿದ. “ಇದು ಯಾವಾಗಿಂದ ಐತ್ರಿ ಯಪ್ಪಾ?”

“ನೀ ಬಂದಾಗೂ ಇತ್ತು.”

ಜೋಳ ಕೇರುವ ಸದ್ದು ನಿಂತಿತು. ಹೆಂಡತಿ ಎದ್ದು ಬಂದು, ಗಂಡನ ಪಕ್ಕ ನಿಂತು ಆ ಪಾದ ನೋಡಿದಳು. ಅವಳು ಕೂಗಾಡಲಿಲ್ಲ.

“ಅವತ್ತ ನಾನೂ ಅಲ್ಲೇ ಕುಂತಿದ್ನಿರಿ” ಎಂದಳು. “ಯಾರಿಗರೆ ಹಂಗ ಆಗೇತೇನ್ರಿ ಅಂತ ಇವರು ಕೇಳಿದ್ರು. ನೀವು ಶಾಸ್ತ್ರ ಅಂದ್ರಿ. ಕಾಲು ನಿಮ್ಮ ಹತ್ರಾನ ಇತ್ತಲ್ರೀ.”

ಮಾವನವರು ಕೈಮುಗಿದರು. “ತಪ್ಪಾತ ಯವ್ವಾ. ಮನ್ಯಾಗ ಬೀಗರು ಕುಂತಿದ್ರು. ಮಗಳ ಲಗ್ನ…” ಎಂದವರು ಮುಂದೆ ಹೇಳದೆ ನಿಲ್ಲಿಸಿದರು. ಆ ಮಾತು ಆ ಅಂಗಳದಲ್ಲಿ ಎಷ್ಟು ಸಣ್ಣದಾಗಿ ಕೇಳಿತೆಂದರೆ, ಹೇಳಿದವರಿಗೇ ಅದನ್ನು ಪೂರ್ತಿ ಮಾಡಲಾಗಲಿಲ್ಲ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತ ನಿಂತೆ. ಆ ಬೀಗರು ನನ್ನ ತವರಿನವರು.

ಅವಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವರ ಮುಂದಿಟ್ಟಳು. “ಮನಿಗೆ ಬಂದವರನ್ನ ಹಂಗ ಕಳಸಬಾರದು. ನೀರು ಕುಡೀರಿ, ಹೋಗ್ರಿ” ಎಂದಳು. ಮತ್ತೆ ಮೊರ ಕೈಗೆತ್ತಿಕೊಂಡಳು. ಮಾವನವರು ನೀರು ಕುಡಿದು ಎದ್ದರು.

ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: “ಆಕಿ ನಾಕು ಬೈದಿದ್ರ ಚಲೋ ಇತ್ತು.”

ಮರುದಿನ ಬೆಳಿಗ್ಗೆ ಮಾವನವರು ಬರಿಗಾಲಲ್ಲಿ ಪಡಸಾಲೆಗೆ ಬಂದರು. ಮಣೆಯೊಂದನ್ನು ಎಳೆದುಕೊಂಡು, ಬಾಗಿಲಿನಿಂದ ಬರುವವರಿಗೆ ಮೊದಲು ಕಾಣುವಂತೆ ಬಲಪಾದವನ್ನು ಅದರ ಮೇಲಿಟ್ಟು ಕೂತರು. ಮೊದಲು ಬಂದವಳು ಸಿಂದಗಿ ಕಡೆಯ ಒಬ್ಬ ಮುದುಕಿ. ಅವಳಿಗೆ ಹೇಳಿದರು: “ಇದನ್ನ ಚಂದಾಗಿ ನೋಡು ಅವ್ವಾ. ಇದು ವೈದ್ಯನ ಕಾಲು. ಮರಳ ಗಂಟು ಇಟ್ಟು ಸುಟಗೊಂಡೇನಿ, ಸುಟ್ಟದ್ದು ತಿಳೀಲಿಲ್ಲ. ನಿನಗೂ ತಿಳಿಯೂದಿಲ್ಲ.” ಹೇಳುವಾಗ ಅವರ ಕಿವಿಯವರೆಗೂ ಕೆಂಪೇರಿತ್ತು. ಮುದುಕಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳು ಹಿಂದೆ ಸರಿದದ್ದನ್ನು ಅವರು ನೋಡಿದರು. ನೋಡಿಯೂ ಕಾಲು ತೆಗೆಯಲಿಲ್ಲ.

ಸುದ್ದಿ ಬಸ್ಸಿಗಿಂತ ಜೋರಾಗಿ ಇಂಡಿ ಮುಟ್ಟಿತು. ಸೋದರಮಾವ ಬಂದ, ಈ ಸಲ ಚಹಾ ಕುಡಿಯಲಿಲ್ಲ. ನನ್ನನ್ನು ಅಂಗಳಕ್ಕೆ ಕರೆದು, “ನಿಮ್ಮ ಮಾವಗ ಏನಾಗೇತಿ, ಖರೇ ಹೇಳು” ಎಂದ.

“ಸಕ್ರಿ ಬ್ಯಾನಿ ಐತಿ ಮಾಮಾ. ನೀ ತಿಳಕೊಂಡಿದ್ದಲ್ಲ.”

“ಹಂಗಾದ್ರ ಇಷ್ಟ ದಿನ ಮುಚ್ಚಿಟ್ಟಿದ್ಯಾಕ?”

ನೆಂಟಸ್ತನ ಮುರಿಯಿತು.

ನಾದಿನಿ ಅಪ್ಪನೆದುರು ನಿಂತು, “ನನ್ನ ಲಗ್ನ ಆಗೂತನಕ ತಡೀಲಿಕ್ಕೆ ಆಗಲಿಲ್ಲೇನಪ್ಪಾ? ಇಷ್ಟ ವರ್ಷ ತಡದಿದ್ದಿ” ಎಂದು ಕೇಳಿದಳು.

“ಅಷ್ಟರಾಗ ಇನ್ನೊಬ್ಬರ ಕಾಲು ಹೋಗ್ತಿತ್ತವಾ” ಎಂದರು ಮಾವನವರು.

ಅವಳು ಅವರ ಜೊತೆ ಮಾತು ಬಿಟ್ಟಳು. ತಾಟು ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಮಾತಿಲ್ಲ. ರೋಗಿಗಳೂ ಕಡಿಮೆಯಾದರು. ಪಡಸಾಲೆ ಖಾಲಿ ಇರುವ ದಿನಗಳಲ್ಲೂ ಮಾವನವರು ಮಣೆಯ ಮೇಲೆ ಕಾಲಿಟ್ಟುಕೊಂಡೇ ಕೂತಿರುತ್ತಿದ್ದರು. ಓಣಿಯ ಹೆಂಗಸರು ಆ ಕಡೆ ನೋಡದೆ ದಾಟಿ ಹೋಗುತ್ತಿದ್ದರು. ನನ್ನ ಗಂಡ ಒಮ್ಮೆ ತಾಳಲಾರದೆ, “ಒಂದು ವಸ್ತ್ರನರೆ ಹಾಕ್ಕೋರಿ ಅಪ್ಪಾ. ಸಾಲ್ಯಾಗ ನನಗ ತಲಿ ಎತ್ತಾಕ ಆಗವಲ್ಲದು” ಎಂದರು. “ನನಗೂ ಆಗವಲ್ಲದಪಾ” ಎಂದರು ಮಾವನವರು. “ನಾಚಿಕಿ ಆಗ್ತೈತಿ. ಆಗ್ಲಿ.”

ಮುಂದೆ ನಾದಿನಿಯನ್ನು ಮುದ್ದೇಬಿಹಾಳದ ಕಡೆಯ, ಹೆಂಡತಿ ತೀರಿಹೋದ ಒಬ್ಬ ಮಾಸ್ತರರಿಗೆ ಕೊಟ್ಟೆವು. ಅವಳು ಬಯಸಿದ ಮನೆ ಅದಲ್ಲ. ಕಳಿಸಿಕೊಡುವ ಹೊತ್ತಿಗೆ ಅವಳು ಬಂದು ಅಪ್ಪನ ಕಾಲಿಗೆ ಬಗ್ಗಿದಳು. ಈ ಸಲ ಅವರು ಹಿಂದೆ ಎಳೆದುಕೊಳ್ಳಲಿಲ್ಲ. ಅವಳು ಆ ಸುಟ್ಟ ಅಂಗಾಲನ್ನು ಮೊದಲ ಸಲ ಅಂಗೈಯಲ್ಲಿ ಹಿಡಿದುಕೊಂಡು, “ನಾ ಮುಟ್ಟಿದ್ದು ತಿಳೀತೇನಪ್ಪಾ?” ಎಂದು ಕೇಳಿದಳು. ಮಾವನವರು ಅಳುತ್ತಾ ಇಲ್ಲವೆಂದು ತಲೆಯಾಡಿಸಿದರು.

ವರ್ಷಗಳು ಕಳೆದಂತೆ ಜನ ತಿರುಗಿ ಬಂದರು, ಮೊದಲಿಗಿಂತ ಹೆಚ್ಚಾಗಿ ಬಂದರು. ಪಾದ ನೋಡಿದವರು ಊರಿಗೆ ಹೋಗಿ ಒಲೆಯ ಮುಂದೆ ಕಾಲು ಚಾಚುವುದನ್ನು ಬಿಟ್ಟರು. ದಿನಾ ಸಂಜೆ ಹೆಂಡತಿಯ ಕೈಯಲ್ಲಿ ಅಂಗಾಲು ನೋಡಿಸಿಕೊಳ್ಳುವುದನ್ನು ಕಲಿತರು. ವೈದ್ಯರು ತಮ್ಮ ಕಾಲನ್ನೇ ಶಾಸ್ತ್ರ ಮಾಡಿದರೆಂದು ಹೊಗಳುವವರೂ ಹುಟ್ಟಿಕೊಂಡರು. ಹೊಗಳಿಕೆ ಕೇಳಿದಾಗ ಮಾವನವರು ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಅರವತ್ತರ ದಶಕದ ನಡುವೆ ಅವರ ಎಡಗಾಲಿಗೆ ಹುಣ್ಣಾಯಿತು, ಜ್ವರ ಏರಿತು. ವಿಜಾಪುರಕ್ಕೆ ಕರೆದೊಯ್ದೆವು, ಹೊತ್ತು ಮೀರಿತ್ತು. ತಿರುಗಿ ಮನೆಗೆ ತಂದು ಮಲಗಿಸಿದಾಗ ನಾನು ತೊಳೆದ ತುಪ್ಪ ಹಚ್ಚುತ್ತಾ ಕೂತಿದ್ದೆ.

“ಯವ್ವಾ, ನಾ ಹೋದ ಮ್ಯಾಲ ಮಂದಿ ನನ್ನ ದೊಡ್ಡಂವ ಅಂತಾರ” ಎಂದರು. “ಅಂದಾಗ ಮುಳವಾಡದವನ ಸುದ್ದೀನೂ ಹೇಳು. ಅದನ್ನ ಬಿಟ್ಟು ನನ್ನ ಸುದ್ದಿ ಹೇಳಬ್ಯಾಡ.”

“ಹೇಳ್ತೇನ್ರಿ ಮಾವಾರ” ಎಂದೆ.

ಅವರು ತೀರಿಕೊಂಡಾಗ ಸುತ್ತಲಿನ ತಾಲೂಕುಗಳಿಂದ ಮಂದಿ ಬಂದರು. ಮುಳವಾಡದಿಂದ ಯಾರೂ ಬರಲಿಲ್ಲ. ಹೇಳಿಕಳಿಸೋಣವೇ ಎಂದು ನನ್ನ ಗಂಡ ಕೇಳಿದ್ದರು. ಹೇಳಿಕಳಿಸುವ ಮುಖ ನಮಗೆ ಇರಲಿಲ್ಲ.

ಈಗಲೂ ಎಲ್ಲಾದರೂ ಬಸ್ ನಿಲ್ದಾಣದಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ವಯಸ್ಸಾದವರು ಗುರುತು ಹಿಡಿದು, “ನಿಮ್ಮ ಮಾವಾರು ತಮ್ಮ ಕಾಲು ತೋರಿಸಿದ್ದಕ್ಕ ನನ್ನ ಕಾಲು ಉಳೀತ್ರಿ” ಎನ್ನುತ್ತಾರೆ. ನಾನು ಅವರನ್ನು ಕೂಡಿಸಿಕೊಂಡು, ಮುಳವಾಡದ ಆ ಎತ್ತರದ ಮನುಷ್ಯನ ಸುದ್ದಿ ಹೇಳುತ್ತೇನೆ. ಅವನ ಹೆಂಡತಿ ಹೇಳಿದ್ದನ್ನೂ ಹೇಳುತ್ತೇನೆ. ಕೇಳಿದವರು ಕೆಲವರು ತಮ್ಮ ಕಾಲು ನೋಡಿಕೊಳ್ಳುತ್ತಾರೆ, ಕೆಲವರು ಬೇಸರ ಮಾಡಿಕೊಂಡು ಎದ್ದು ಹೋಗುತ್ತಾರೆ. ಒಳ್ಳೆಯ ಮನುಷ್ಯನ ನೆನಪಿಗೆ ಮಸಿ ಬಳಿಯುತ್ತಾಳೆ ಸೊಸೆ ಎನ್ನುತ್ತಾರೆಂದೂ ಕೇಳಿದ್ದೇನೆ. ಹೇಳುವಾಗೆಲ್ಲ ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.